ನಾಲ್ಕನೇ ಸಾಲು, ಏಳನೆಯದು

ಜೂನ್ ೬, ಮಂಗಳವಾರ

ಮೂರನೇ ಸಾಲು ಮುಗಿಯಿತು. ಇಪ್ಪತ್ತೊಂದು ಸಮಾಧಿ. ಹೆಸರಿನ ಕಲ್ಲಿರುವುದು ಹದಿನಾಲ್ಕಕ್ಕೆ. ಮಳೆ ಎರಡು ಸಲ ಬಂದು ಹೋಯಿತು. ಟೇಪಿನ ತುದಿಗೆ ಇಟ್ಟಿಗೆ ಹೇರಿ ಒಬ್ಬಳೇ ಅಳೆಯುವುದು ಈಗ ಅಭ್ಯಾಸವಾಗಿದೆ. ಎಪ್ಪತ್ತಾರರ ಮಂಡಿ ಮಾತ್ರ ಇನ್ನೂ ಒಪ್ಪಿಲ್ಲ.

ಸಮಾಧಿ ಭಾನುವಾರಕ್ಕೆ ನಲವತ್ತು ದಿನ. ಅಷ್ಟರೊಳಗೆ ಇಡೀ ಸಿಮೆಟ್ರಿಯ ನಕ್ಷೆ ಆಗಬೇಕೆಂದು ಕನ್ಸೆಪ್ಟಾಳ ಅಪ್ಪಣೆ. ಅವಳು ಸಿಮೆಟ್ರಿ ಕಮಿಟಿಗೂ ಅಧ್ಯಕ್ಷೆ, ಚರ್ಚಿನಲ್ಲಿ ಹಾಡುವ ಕ್ವಾಯರಿಗೂ ಯಜಮಾನಿ. ಎರಡು ಕಡೆಯಿಂದಲೂ ನನ್ನ ಕಿವಿ ಹಿಡಿಯುತ್ತಾಳೆ. ಅವತ್ತು ಪ್ರತಿ ಮನೆಯವರೂ ತಮ್ಮವರ ಸಮಾಧಿ ಪಕ್ಕ ನಿಂತಿರುವಾಗ ಫಾದರ್ ಎಮೆಕಾ ನಕ್ಷೆ ನೋಡಿ ಒಂದೊಂದೇ ಹೆಸರು ಕರೆದು ತೀರ್ಥ ಚಿಮುಕಿಸಬೇಕಂತೆ. ಅವರು ನೈಜೀರಿಯಾದಿಂದ ಬಂದು ಎಂಟು ತಿಂಗಳು. ಯಾರ ಮನೆಯವರು ಎಲ್ಲಿ ಮಲಗಿದ್ದಾರೆಂದು ಪಾಪ ಅವರಿಗೆ ಹೇಗೆ ಗೊತ್ತಾಗಬೇಕು.

ಯಾರನ್ನು ಎಲ್ಲಿ ಮಣ್ಣು ಮಾಡಿದರೆಂದು ಬರೆದಿಟ್ಟ ಚರ್ಚಿನ ಹಳೆಯ ಪುಸ್ತಕ ನನ್ನ ಪಾಲಿಗೆ ಬಂದದ್ದು ಅಕ್ಷರ ದುಂಡಗಿದೆ ಎಂದು. ಶಾಲೆ ಬಿಟ್ಟದ್ದು ಹದಿಮೂರಕ್ಕೆ. ಅಕ್ಷರ ಕಲಿತದ್ದು ಇಂಗ್ಲೆಂಡಿನ ಕವೆಂಟ್ರಿಯಲ್ಲಿರುವ ತಂಗಿ ಬ್ರೀಜಿಗೆ ಕಾಗದ ಬರೆದು ಬರೆದು. ವಾರಕ್ಕೊಂದು, ಐವತ್ತು ವರ್ಷ.

ನಾಲ್ಕನೇ ಸಾಲು ಶುರು ಮಾಡಲು ಹೋದರೆ ಏಳನೆಯದರ ಹತ್ತಿರ ಮ್ಯಾಲಕಿ ಟೂಯಿ ಮಂಡಿಯೂರಿ ಹುಲ್ಲು ಕತ್ತರಿಸುತ್ತಿದ್ದ. ಅವನ ಅಮ್ಮನದು. ಕಲ್ಲಿಲ್ಲ, ಒಂದು ಮರದ ಶಿಲುಬೆ, ಸುತ್ತ ಬಿಳಿ ಬೆಣಚುಕಲ್ಲು, ಒಂದಕ್ಕೊಂದು ತಾಗುವ ಹಾಗೆ. ಇಡೀ ಸಿಮೆಟ್ರಿಯಲ್ಲಿ ಇಷ್ಟು ಚೊಕ್ಕಟವಾದದ್ದು ಇನ್ನೊಂದಿಲ್ಲ.

"ಏನು ಡೀಲಿಯಾ, ಸತ್ತೋರಿಗೆ ಬಟ್ಟೆ ಹೊಲಿಸ್ತಿದ್ದೀಯಾ? ಅಳತೆ ತಗೊಳ್ತಿದ್ದೀಯಲ್ಲ."

"ಹ್ಞೂಂ. ನಿಂದೂ ತಗೊಳ್ಲಾ?"

"ತಗೋ ತಗೋ. ಡಾಕ್ಟ್ರು ಹೇಳಿದಾರೆ, ನನ್ನ ಎದೆ ಹಳೇ ಟ್ರ್ಯಾಕ್ಟರ್ ಇದ್ದ ಹಾಗಂತೆ. ಸ್ಟಾರ್ಟ್ ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ."

ಎಂಬತ್ತೆರಡು ವರ್ಷ ಅವನಿಗೆ. ಮದುವೆ ಇಲ್ಲ. ನಗುತ್ತಲೇ ಹೇಳಿದ — ಅಮ್ಮನಿಗೆ ಕೊನೆಗೂ ಕಲ್ಲು ಹಾಕಿಸುತ್ತಿದ್ದಾನಂತೆ. ಬೂದು ಕಲ್ಲು. ಕಲ್ಲು ಕೆತ್ತುವ ಫಿಂಟನ್ ಜುಲೈ ಹನ್ನೆರಡಕ್ಕೆ ತಂದು ನಿಲ್ಲಿಸುತ್ತಾನೆ.

"ಮೇಲೆ ಅವಳ ಹೆಸರು. ಕೆಳಗೆ ನನಗೆ ಜಾಗ ಬಿಟ್ಟಿದಾನೆ. ಅವಳು ಹೋದಾಗ ನಾನು ಇರ್ಲಿಲ್ಲ ನೋಡು. ಲಂಡನ್ನಲ್ಲಿ ನೆಲದಡಿ ಸುರಂಗ ಕೊರೀತಿದ್ದೆ. ತಂತಿ ನನ್ನ ಕೈಗೆ ಬಂದಾಗ ಮಣ್ಣು ಮಾಡಿ ನಾಲ್ಕು ದಿನ ಆಗಿತ್ತು. ಕೊನೆಗಾದ್ರೂ ಪಕ್ಕದಲ್ಲಿ ಬಿದ್ಕೋತೀನಿ."

ಪುಸ್ತಕ ತೆರೆದು ನೋಡಿದೆ. "ಹನೋರಾ ಟೂಯಿ. ೧೯೬೧. ಗೇಟಿನಿಂದ ನಾಲ್ಕನೇ ಸಾಲು, ಚರ್ಚಿನ ಗೋಡೆಯಿಂದ ಏಳನೆಯದು." ಸರಿಯಾಗಿದೆ. ಗುರುತು ಹಾಕಿದೆ.


ಜೂನ್ ೮, ಗುರುವಾರ

ಏನೋ ಸರಿಯಿಲ್ಲ.

ಅಳೆದು ಮುಗಿಸಿದ ಸಾಲುಗಳನ್ನು ಇವತ್ತು ಪುಸ್ತಕದ ಜೊತೆ ತಾಳೆ ನೋಡಿದೆ. ಪುಸ್ತಕದಲ್ಲಿ ಲಯನ್ಸ್ ಎಂಬೊಬ್ಬರು, ೧೯೫೪, ಎರಡನೇ ಸಾಲು. ಎರಡನೇ ಸಾಲಿನಲ್ಲಿ ಲಯನ್ಸ್ ಎಂಬ ಕಲ್ಲೇ ಇಲ್ಲ. ಇಡೀ ಮಧ್ಯಾಹ್ನ ಹುಡುಕಿ ಸಿಕ್ಕಿದ್ದು ಹದಿನಾಲ್ಕನೇ ಸಾಲಿನಲ್ಲಿ, ಸಮುದ್ರದ ಕಡೆಯ ತುದಿಯಲ್ಲಿ. ಅದೇ ಹೆಸರು, ಅದೇ ವರ್ಷ.

ಬರೆದವನು ಕುಡಿದಿದ್ದನೇ?

ಹೊಸ ಸಮಾಧಿಗಳೆಲ್ಲ ಸರಿಯಾಗಿವೆ. ಎಂಬತ್ತರದು, ತೊಂಬತ್ತರದು — ಒಂದೂ ತಪ್ಪಿಲ್ಲ. ನನ್ನ ಗಂಡ ಲೋರ್ಕನ್ ಎಲ್ಲಿರಬೇಕೋ ಅಲ್ಲೇ ಇದ್ದಾನೆ. (ಬದುಕಿದ್ದಾಗ ಹಾಗಿರಲಿಲ್ಲ.)

ಬ್ರೀಜಿಗೆ ಬರೆದೆ: ಈ ವಾರ ಒಂದು ಒಗಟು ಸಿಕ್ಕಿದೆ, ಹಲ್ಲುನೋವು ಮರೆತುಹೋಗಿದೆ.


ಜೂನ್ ೧೦, ಶನಿವಾರ

ಹದಿನಾರು!

ಗಿಲ್ಸನನ್, ೧೯೪೯ — ಕನ್ಸೆಪ್ಟಾಳ ಅಜ್ಜ. ಪುಸ್ತಕದಲ್ಲಿ ಐದನೇ ಸಾಲು. ಕಲ್ಲಿರುವುದು ಹನ್ನೊಂದರಲ್ಲಿ. ಲಯನ್ಸ್ ಎರಡು, ಹದಿನಾಲ್ಕು. ಕೂಡಿಸಿದರೆ ಎರಡೂ ಹದಿನಾರು. ಆಮೇಲೆ ಇನ್ನೂ ಮೂರು ಹುಡುಕಿದೆ. ಒಂದು–ಹದಿನೈದು. ಆರು–ಹತ್ತು. ಏಳು–ಒಂಬತ್ತು. ಎಲ್ಲ ಹದಿನಾರು. ಇರುವುದು ಹದಿನೈದು ಸಾಲು.

ಬರೆದವನು ಕುಡಿದಿರಲಿಲ್ಲ. ಆ ತುದಿಯಿಂದ ಎಣಿಸಿದ್ದಾನೆ. ಆದರೆ "ಗೇಟಿನಿಂದ" ಎಂದು ಏಕೆ ಬರೆದ? ಆ ತುದಿಯಲ್ಲಿ ಗೇಟೆಲ್ಲಿದೆ? ಬರೀ ಗೋಡೆ, ಅದರಾಚೆ ಸಮುದ್ರ.

ಆಲೂಗಡ್ಡೆ ತಳ ಹಿಡಿಯಿತು. ತಿಂದೆ.


ಜೂನ್ ೧೩, ಮಂಗಳವಾರ. ಬೆಳಿಗ್ಗೆ ೧೧

ಸಮುದ್ರದ ಕಡೆಯ ಗೋಡೆಯನ್ನು ಕೈಯಿಂದ ಸವರುತ್ತಾ ಹೋದೆ. ಒಂದು ಕಡೆ ಎರಡೂವರೆ ಗಜ ಅಗಲ ಕಲ್ಲಿನ ಬಣ್ಣ ಬೇರೆ. ಗಾರೆ ಬೇರೆ. ಪಾಚಿಯೂ ಕಡಿಮೆ.

ಮಾಂಸದಂಗಡಿಯಲ್ಲಿ ಕನ್ಸೆಪ್ಟಾ ಸಿಕ್ಕಿದಳು. ಸಾಸೇಜು ಕಟ್ಟಿಸಿಕೊಳ್ಳುತ್ತಿದ್ದಳು. ಕೇಳಿದೆ.

"ಅಯ್ಯೋ, ಹಳೇ ಗೇಟು ಅಲ್ವಾ ಅದು! ಮೊದಲು ಸಮುದ್ರದ ಕಡೆಯಿಂದಾನೇ ಒಳಗೆ ಹೋಗ್ತಿದ್ದದ್ದು. ಎಪ್ಪತ್ತೆರಡರಲ್ಲಿ ಈ ಕಡೆ ರಸ್ತೆ ದೊಡ್ಡದು ಮಾಡಿದಾಗ ಅದನ್ನ ಮುಚ್ಚಿ ಇಲ್ಲಿ ಇಟ್ರು. ಇದೂ ಗೊತ್ತಿಲ್ವಾ ನಿನಗೆ?"

"ನಾನು ಈ ಊರಿಗೆ ಬಂದದ್ದು ಎಪ್ಪತ್ತಮೂರರಲ್ಲಿ."

"ಹೌದಲ್ವಾ, ನೀನು ಹೊಸಬಳು," ಎಂದಳು. ಐವತ್ತು ವರ್ಷ ಆಯಿತು ಹೊಸಬಳಾಗಿ.

ಒಗಟು ಬಿಡಿಸಿದ ಖುಷಿಯಲ್ಲಿ ಮನೆಗೆ ಬರುವಾಗ ಸೈಕಲ್ಲಿನಿಂದ ಬೀಳುವುದಿತ್ತು.


ಅದೇ ದಿನ. ಸಂಜೆ ೫

ಚಹಾ ಕುಡಿಯುತ್ತಾ ಕುಳಿತಿದ್ದಾಗ ಹೊಳೆಯಿತು. ಖುಷಿಯೆಲ್ಲ ಇಳಿದುಹೋಯಿತು.

ಹನೋರಾ ಟೂಯಿ, ೧೯೬೧. ಆಗ ಗೇಟು ಸಮುದ್ರದ ಕಡೆ. ನಾಲ್ಕನೇ ಸಾಲು ಅಂದರೆ ಈಗಿನ ಹನ್ನೆರಡು.

ಮ್ಯಾಲಕಿ ಇಂಗ್ಲೆಂಡಿನಿಂದ ಬಂದದ್ದು ಎಂಬತ್ತಮೂರರಲ್ಲಿ. ಆಗ ಯಾರೋ ಪುಸ್ತಕ ನೋಡಿ ಹೇಳಿರಬೇಕು, ಗೇಟಿನಿಂದ ನಾಲ್ಕು, ಗೋಡೆಯಿಂದ ಏಳು. ಅವನು ಕಣ್ಣಿಗೆ ಕಾಣುವ ಗೇಟಿನಿಂದ ಎಣಿಸಿದ. ಯಾರಾದರೂ ಹಾಗೇ ಮಾಡುತ್ತಿದ್ದರು.

ಟೇಪು ತೆಗೆದುಕೊಂಡು ಮತ್ತೆ ಹೋದೆ. ಹನ್ನೆರಡನೇ ಸಾಲು, ಏಳನೆಯದು. ಕಲ್ಲಿಲ್ಲ, ಶಿಲುಬೆಯಿಲ್ಲ. ಸಮತಟ್ಟಾದ ಹುಲ್ಲು.

ಆ ಹುಲ್ಲು ನನಗೆ ಚೆನ್ನಾಗಿ ಗೊತ್ತು. ಸಮಾಧಿ ಭಾನುವಾರ ಕ್ವಾಯರ್ ನಿಲ್ಲುವ ಜಾಗ. ಸ್ಪೀಕರಿನ ವೈರು ಅಲ್ಲಿಗೆ ಸರಿಯಾಗಿ ಮುಟ್ಟುತ್ತದೆ, ನೆಲ ಸಮವಾಗಿದೆ, ಯಾರದೂ ಅಲ್ಲ — ಎಂದು ಕನ್ಸೆಪ್ಟಾ ಆರಿಸಿದ್ದು. ಕ್ವಾಯರಿನ ಎರಡನೇ ಸಾಲಿನಲ್ಲಿ ಎಡದಿಂದ ಮೂರನೆಯವಳು ನಾನು. ಲೋರ್ಕನ್‌ನ ಸಮಾಧಿ ಸುತ್ತ ಅವನ ಮನೆತನದ ಮಲ್ಕ್ವೀನರ ಹಿಂಡೇ ನಿಲ್ಲುತ್ತದೆ, ಅಲ್ಲಿ ನನಗೆ ಕಾಲಿಡಲು ಜಾಗವಿಲ್ಲವೆಂದು ಪ್ರತಿ ವರ್ಷ ಕ್ವಾಯರಿಗೆ ಬಂದುಬಿಡುತ್ತೇನೆ.

ಇಪ್ಪತ್ತೆರಡು ವರ್ಷ ಮ್ಯಾಲಕಿಯ ಅಮ್ಮನ ಮೇಲೆ ನಿಂತು ಹಾಡಿದ್ದೇನೆ.


ಜೂನ್ ೧೪, ಬುಧವಾರ

ಹಾಗಾದರೆ ಅವನು ಹುಲ್ಲು ಕತ್ತರಿಸುತ್ತಿರುವುದು ಯಾರದು?

ಈಗಿನ ನಾಲ್ಕು, ಹಳೆಯ ಹನ್ನೆರಡು. ಪುಸ್ತಕದಲ್ಲಿ ಹನ್ನೆರಡು–ಏಳು ಹುಡುಕಿದೆ. ಮಾರ್ಚ್ ೧೯೫೫. ಬೇರೆ ಪೆನ್ನಿನಲ್ಲಿ, ಅವಸರದಲ್ಲಿ:

"ಗಂಡಸು. ಊರೂರು ಅಲೆದು ಕೊಡೆ ರಿಪೇರಿ ಮಾಡುವವನು. ಹೆಸರು ಸಿಗಲಿಲ್ಲ."

ಅಷ್ಟೇ. ಮೂರು ಸಲ ಓದಿದೆ. ಎಲ್ಲಿಂದ ಬಂದ? ಯಾರ ಮನೆ ಹಿಂಭಾಗದಲ್ಲಿ ಸತ್ತ? ಅವತ್ತು ಯಾರ ಕೊಡೆ ಅವನ ಕೈಯಲ್ಲಿತ್ತು, ಆಮೇಲೆ ಅದು ಆ ಮನೆಗೆ ವಾಪಸು ಹೋಯಿತೇ? ಇಂಥ ಪ್ರಶ್ನೆಗೆ ಈಗ ಉತ್ತರ ಕೊಡುವವರು ಯಾರೂ ಇಲ್ಲ. ಆದರೂ ತಲೆಯಿಂದ ಹೋಗುತ್ತಿಲ್ಲ.

ಕಲ್ಲು ಬರಲು ನಾಲ್ಕು ವಾರ. ಅದನ್ನು ಒಮ್ಮೆ ಕೊಡೆಯವನ ಮೇಲೆ ನಿಲ್ಲಿಸಿದರೆ ಮುಗಿಯಿತು. ಮ್ಯಾಲಕಿಯೂ ಅಲ್ಲೇ ಹೋಗುತ್ತಾನೆ. ಅವನ ಅಮ್ಮ ಎಂಟು ಸಾಲು ಆಚೆ ಒಬ್ಬಳೇ ಉಳಿಯುತ್ತಾಳೆ.

ಹೇಳಬೇಕು. ಆದರೆ ಮೊದಲು ಖಚಿತವಾಗಬೇಕು. ನನ್ನ ಲೆಕ್ಕವೇ ತಪ್ಪಿದ್ದರೆ? ಹದಿಮೂರಕ್ಕೆ ಶಾಲೆ ಬಿಟ್ಟವಳ ಲೆಕ್ಕ.


ಜೂನ್ ೨೦, ಮಂಗಳವಾರ

ಬಸ್ಸಿನಲ್ಲಿ ವೃದ್ಧಾಶ್ರಮಕ್ಕೆ ಹೋಗಿ ಬಂದೆ. ಬಾರ್ಟ್ಲಿ ಫೋಲನ್‌ರನ್ನು ನೋಡಲು. ತೊಂಬತ್ತಮೂರು. ಟೂಯಿಯವರ ಪಕ್ಕದ ಮನೆಯಲ್ಲಿದ್ದವರು. ನಮ್ಮಲ್ಲಿ ಗುಂಡಿ ತೋಡುವುದು ನೆರೆಯವರ ಕೆಲಸ. ಹನೋರಾಳಿಗೆ ಇವರೇ ತೋಡಿರಬೇಕು ಎಂದುಕೊಂಡೆ.

"ನಾನೇ ತೋಡಿದ್ದು. ನಾನು, ನಮ್ಮಣ್ಣ, ಇನ್ನಿಬ್ರು. ಮೊಣಕಾಲುದ್ದ ತೋಡೋ ಹೊತ್ತಿಗೆ ನೀರು. ಸಮುದ್ರದ ಕಡೆ ಅಲ್ವಾ, ಬಕೆಟ್ಟಲ್ಲಿ ಮೊಗೆದು ಹಾಕಿದ್ವಿ. ಅವಳನ್ನ ಒದ್ದೆಯಲ್ಲಿ ಇಳಿಸಬಾರದು ಅಂತ ಒಣಹುಲ್ಲು ಹಾಸಿದ್ವಿ."

"ಸಮುದ್ರದ ಕಡೆ… ಹಾಗಾದ್ರೆ ಮ್ಯಾಲಕಿ ಮಂಡಿಯೂರ್ತಾನಲ್ಲ, ಅದು?"

"ಅದು ಅವಳದಲ್ಲ."

ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ ಹೇಳಿದರು. ನನಗೆ ಅರ್ಥವಾಗಲು ಎರಡು ಗಳಿಗೆ ಬೇಕಾಯಿತು.

"ನಿಮಗೆ ಗೊತ್ತಿತ್ತಾ ಬಾರ್ಟ್ಲಿ?"

"ಗೊತ್ತಿಲ್ದೆ ಏನಮ್ಮಾ, ತೋಡಿದೋನು ನಾನು. ಮೊದಲನೇ ವರ್ಷ ನೋಡಿದೆ. ಅವನಿಗೆ ಬೇಕಾದೋರು ಇನ್ಯಾರೋ ಅಲ್ಲಿರಬೇಕು ಅಂದ್ಕೊಂಡೆ. ಎರಡನೇ ವರ್ಷ ಶಿಲುಬೆ ನೆಟ್ಟ, ಅಮ್ಮನ ಹೆಸರು ಬರೆದ. ಹೇಳೋಣ ಅಂತಾನೇ ಹೋದೆ. ಹೋಗಿ… ಗೋಧಿ ಬಗ್ಗೆ ಮಾತಾಡಿ ಬಂದೆ. ಮೂರನೇ ವರ್ಷ ಬೆಣಚುಕಲ್ಲು. ಒಂದೊಂದನ್ನೂ ಸಮುದ್ರದಿಂದ ತಂದು ತೊಳೆದು ಇಟ್ಟಿದ್ದ. ಅಷ್ಟು ಮಾಡಿದೋನಿಗೆ ಹೋಗಿ ‘ಅದಲ್ಲಪ್ಪಾ’ ಅನ್ನೋದು ಹೇಗೆ? ಆಮೇಲೆ ತಡ ಆಗೋಯ್ತು."

"ಈಗ ಅವನು ಕಲ್ಲು ಹಾಕಿಸ್ತಿದಾನೆ."

ಬಿಸ್ಕತ್ತು ಕಪ್ಪಿನೊಳಗೆ ಮುರಿದು ಬಿತ್ತು. ಅವರು ಅದನ್ನು ತೆಗೆಯಲಿಲ್ಲ.

"ನೀನು ಹೇಳ್ತೀಯಾ?" ಎಂದರು. ಬೇಡವೆನ್ನುವ ಧ್ವನಿಯೋ, ದಯವಿಟ್ಟು ಹೇಳು ಎನ್ನುವ ಧ್ವನಿಯೋ — ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಗೊತ್ತಾಗಲಿಲ್ಲ.


ಜೂನ್ ೨೧, ಬುಧವಾರ

ಕ್ವಾಯರ್ ಅಭ್ಯಾಸ ಮುಗಿದ ಮೇಲೆ ಕನ್ಸೆಪ್ಟಾಳನ್ನು ಕೋಟು ನೇತುಹಾಕುವ ಮೂಲೆಯಲ್ಲಿ ಹಿಡಿದೆ. ಎಲ್ಲ ಹೇಳಿದೆ. ಮುಖ ನೋಡಿದರೆ ಆಶ್ಚರ್ಯವೇ ಇಲ್ಲ.

"ನಿನಗೂ ಗೊತ್ತಿತ್ತು!"

"ಮೆಲ್ಲಗೆ ಮಾತಾಡೇ! ಅಮ್ಮ ಯಾವಾಗಲೋ ಹೇಳಿದ್ಲು. ‘ಪಾಪ, ಮ್ಯಾಲಕಿ ತಪ್ಪು ಕಡೆ ಕೂರ್ತಾನೆ, ನೀನು ಬಾಯಿ ಬಿಡಬೇಡ, ನೊಂದ್ಕೋತಾನೆ’ ಅಂತ. ಬಿಡಲಿಲ್ಲ."

"ಗೊತ್ತಿದ್ದೂ ಅವಳ ಮೇಲೆ ಇಡೀ ಕ್ವಾಯರ್ ನಿಲ್ಲಿಸಿದ್ಯಾ?"

"ಅವಳು ಎಲ್ಲಿದಾಳೆ ಅಂತ ನನಗೆ ಗೊತ್ತಿರ್ಲಿಲ್ಲ ಕಣೇ! ಅಲ್ಲಿಲ್ಲ ಅಂತ ಗೊತ್ತಿತ್ತು, ಅಷ್ಟೇ."

ಅವಳು ಕೋಟು ತೆಗೆದು ಹಾಕಿಕೊಂಡಳು. ಆಮೇಲೆ ಅವಳೇ: "ಅವನ ಎದೆ ಬೇರೆ ಸರಿಯಿಲ್ಲ. ಈಗ ಹೇಳಿ ಏನಾದ್ರೂ ಆದ್ರೆ? ನೀನು ನಕ್ಷೇಲಿ ಆ ಎರಡು ಚೌಕ ಖಾಲಿ ಬಿಡು. ಯಾರು ಕೇಳ್ತಾರೆ?"

ಯಾರೂ ಕೇಳುವುದಿಲ್ಲ. ಅದೇ ತಾನೇ ಇಲ್ಲಿಯವರೆಗೆ ಆದದ್ದು. ಸಮಾಧಿ ಮುಂದೆ ಮಂಡಿಯೂರಿದ ಗಂಡಸನ್ನು "ಇದು ನಿನ್ನದೇ ತಾನೇ?" ಎಂದು ಕೇಳುವ ಊರಲ್ಲ ನಮ್ಮದು. ಎಲ್ಲರೂ ಒಳ್ಳೆಯವರು. ಒಳ್ಳೆಯವರಾಗಿ ನಲವತ್ತು ವರ್ಷ ಅವನನ್ನು ಅಲ್ಲಿ ಕೂರಿಸಿದ್ದೇವೆ.


ಜುಲೈ ೩, ಸೋಮವಾರ

ಹನ್ನೆರಡು ದಿನ ಏನೂ ಬರೆಯಲಿಲ್ಲ. ನಾಚಿಕೆ.

ಮೂರು ಸಲ ಮ್ಯಾಲಕಿಯ ಮನೆಗೆ ಹೋದೆ. ಮೊದಲ ಸಲ ಎಲೆಕೋಸಿನ ಹುಳದ ಬಗ್ಗೆ ಮಾತಾಡಿದೆವು. ಎರಡನೇ ಸಲ ಅವನ ನಾಯಿಯ ಕಿವಿ. ಮೂರನೇ ಸಲ ಮಳೆ — ಅವತ್ತು ಮಳೆಯೂ ಇರಲಿಲ್ಲ. ಹೊರಡುವಾಗ ಅವನೇ, "ಏನೋ ಹೇಳೋಕೆ ಬಂದೋಳ ಹಾಗೆ ಬರ್ತೀಯ, ಹುಳದ ಕಥೆ ಹೇಳಿ ಹೋಗ್ತೀಯ" ಎಂದ. ನಕ್ಕು ಬಂದೆ. ಬಾರ್ಟ್ಲಿಯ ಗೋಧಿ ನೆನಪಾಯಿತು.

ಬ್ರೀಜ್‌ಳ ಕಾಗದ ಬಂತು. ಹೆಸರು ಹಾಕದೆ ಅವಳಿಗೆ ಬರೆದಿದ್ದೆ: ಒಬ್ಬರಿಗೆ ನೋವಾಗುವ ನಿಜ ಗೊತ್ತಾಗಿದೆ, ಏನು ಮಾಡಲಿ ಎಂದು. ಅವಳ ಉತ್ತರ ಒಂದೇ ಸಾಲು: "ಯಾರ ನೋವಿಗೆ ಹೆದರ್ತಿದ್ದೀ ಅಕ್ಕ, ಅವರದ್ದಕ್ಕಾ ನಿಂದಕ್ಕಾ?" ಮಿಕ್ಕ ಮೂರು ಪುಟ ಮೊಮ್ಮಗನ ಕಾರಿನ ಬಗ್ಗೆ.

ನಾಳೆ.


ಜುಲೈ ೪, ಮಂಗಳವಾರ

ಹೇಳಿದೆ.

ಬೆಳಿಗ್ಗೆ ಹತ್ತಕ್ಕೆ ಹೋದೆ. ಪುಸ್ತಕ ಚೀಲದಲ್ಲಿತ್ತು. ಅವನು ಚಹಾ ಇಟ್ಟ, ಹಣ್ಣಿನ ಬ್ರೆಡ್ಡಿಗೆ ಬೆಣ್ಣೆ ಸವರಿದ. ಕೂರುವ ಮೊದಲೇ ಹೇಳಿಬಿಟ್ಟೆ, ಕೂತರೆ ಹುಳದ ಕಡೆ ಹೊರಳುತ್ತೇನೆಂದು.

"ಮ್ಯಾಲಕಿ, ನಿಮ್ಮಮ್ಮ ನೀನು ಕೂರೋ ಕಡೆ ಇಲ್ಲ. ಹನ್ನೆರಡನೇ ಸಾಲಲ್ಲಿದಾರೆ. ಗೇಟು ಆಗ ಆ ಕಡೆ ಇತ್ತು."

ಬೆಣ್ಣೆ ಚಾಕು ಕೆಳಗಿಟ್ಟ. ಪುಸ್ತಕ ತೆರೆದು ತೋರಿಸಿದೆ. ಲಯನ್ಸ್, ಗಿಲ್ಸನನ್, ಹದಿನಾರು — ಎಲ್ಲ ಬಡಬಡಿಸಿದೆ. ಅವನು ಪುಟ ನೋಡಲಿಲ್ಲ. ಕಿಟಕಿ ನೋಡುತ್ತಿದ್ದ.

"ಎಷ್ಟು ದಿನದಿಂದ ಗೊತ್ತು ನಿನಗೆ?"

"ಮೂರು ವಾರ."

"ಮೂರು ವಾರ ನನ್ನ ನಾಯಿ ಕಿವಿ ನೋಡಿದ್ಯಾ."

"ಹೆದರಿಕೆ ಆಯ್ತು."

"ಟೀ ಆರುತ್ತೆ, ಕುಡಿ," ಎಂದ. ಕುಡಿದೆ. ಕಪ್ಪು ಕೆಳಗಿಟ್ಟಾಗ ಹೇಳಿದ, "ಹೋಗುವಾಗ ಬಾಗಿಲು ಎಳ್ಕೊಂಡು ಹೋಗು."

ಎಳೆದುಕೊಂಡು ಬಂದೆ.


ಜುಲೈ ೬, ಗುರುವಾರ

ಅವನು ಸಿಮೆಟ್ರಿಗೆ ಬರಲಿಲ್ಲ. ಮಂಗಳವಾರ, ಗುರುವಾರ ಎರಡೂ ತಪ್ಪಿಸುವವನಲ್ಲ.


ಜುಲೈ ೯, ಭಾನುವಾರ

ಪೂಜೆಗೂ ಬರಲಿಲ್ಲ. ಕನ್ಸೆಪ್ಟಾ ನನ್ನನ್ನು ನೋಡಿದ ನೋಟಕ್ಕೆ ಎರಡನೇ ಚರಣ ಮರೆತುಹೋಯಿತು. ಅವನ ಮನೆ ಚಿಮಣಿಯಲ್ಲಿ ಹೊಗೆ ಇದೆಯೇ ಎಂದು ದಿನಕ್ಕೆರಡು ಸಲ ನೋಡುತ್ತಿದ್ದೇನೆ. ಇದೆ.

ನಕ್ಷೆ ಮುಗಿಸಿದೆ. ಆ ಎರಡು ಚೌಕ ಮಾತ್ರ ಪೆನ್ಸಿಲಿನಲ್ಲಿ.


ಜುಲೈ ೧೧, ಮಂಗಳವಾರ

ಮಧ್ಯಾಹ್ನ ಮೂರಕ್ಕೆ ಬಾಗಿಲು ಬಡಿದ. ಕ್ಷೌರ ಮಾಡಿಕೊಂಡಿದ್ದ, ಕೋಟು ಹಾಕಿದ್ದ. ಒಳಗೆ ಬಂದು ಟೋಪಿ ತೆಗೆಯದೆ ಕುಳಿತ.

"ಇನ್ನೂ ಯಾರ್ಯಾರಿಗೆ ಗೊತ್ತಿತ್ತು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಬಾರ್ಟ್ಲಿಗೆ. ಕನ್ಸೆಪ್ಟಾಗೆ. ಅವಳಮ್ಮನಿಗೆ. ಇನ್ನೂ ಕೆಲವರಿಗೆ ಇರಬೇಕು."

"ಇರಬೇಕು." ತಲೆಯಾಡಿಸಿದ. "ಲಂಡನ್ನಲ್ಲಾಗಿದ್ರೆ ಮೊದಲನೇ ದಿನಾನೇ ಬೈದು ಎಬ್ಬಿಸ್ತಿದ್ರು. ‘ಏಯ್ ಪ್ಯಾಡಿ, ಎದ್ದೇಳು, ಅದು ನಿನ್ನದಲ್ಲ’ ಅಂತ. ನಮ್ಮ ಕಡೆಯೋರೆಲ್ಲ ಅವರಿಗೆ ಪ್ಯಾಡಿನೇ. ಅಲ್ಲಿ ಇಪ್ಪತ್ತೈದು ವರ್ಷ ಅವರ ಬಾಯಿಗೆ ಬೇಜಾರಾಗಿ ಊರಿಗೆ ಬಂದೆ. ಇಲ್ಲಿ ಜನ ಎಷ್ಟು ಮರ್ಯಾದಸ್ತರು ಅಂತ ಸಂತೋಷಪಟ್ಟೆ."

ಚಹಾ ಬೇಕೇ ಎಂದೆ. ಬೇಡವೆಂದ. ಆಮೇಲೆ ಬೇಕೆಂದ.

ಎರಡನೇ ಕಪ್ಪಿಗೆ ಟೋಪಿ ತೆಗೆದ. "ಆ ಇನ್ನೊಬ್ಬರು ಯಾರು? ಇಷ್ಟು ವರ್ಷ ನಾನು ಕೂತದ್ದು ಯಾರ ಹತ್ರ?"

ಪುಸ್ತಕ ಕೊಟ್ಟೆ. ಬೆರಳಿಟ್ಟು ಓದಿದ. ಮತ್ತೆ ಓದಿದ. ಭುಜ ಅಲುಗತೊಡಗಿತು. ಎದೆ ಹಿಡಿಯಿತೋ ಎಂದು ನಾನು ಎದ್ದೇಬಿಟ್ಟೆ — ನಗು! ಕಣ್ಣಲ್ಲಿ ನೀರು ಬರುವ ಹಾಗೆ ನಗು.

"ಕೊಡೆಯವನು! ಡೀಲಿಯಾ, ನಲವತ್ತು ವರ್ಷ ಇವನ ಹತ್ರ ಗೋಳು ಹೇಳ್ಕೊಂಡಿದೀನಿ! ಕುಡಿತ ಬಿಟ್ಟದ್ದು ಇವನಿಗೆ ಆಣೆ ಮಾಡಿ. ಆ ವೆಕ್ಸ್‌ಫರ್ಡ್ ಹುಡುಗಿ ವಿಷಯ ಇವನಿಗೆ ಮಾತ್ರ ಗೊತ್ತು. ಊರಿಗೆ ಬರೋಕಾಗಲಿಲ್ಲ, ಕ್ಷಮಿಸು ಅಮ್ಮಾ ಅಂತ ಇವನ ಮುಂದೆ ಅತ್ತಿದೀನಿ… ಪಾಪ, ಏನಂದ್ಕೊಂಡನೋ!"

ನಾನೂ ನಕ್ಕೆ. ನಕ್ಕು ನಕ್ಕು ಸುಸ್ತಾಗಿ ಇಬ್ಬರೂ ಕಣ್ಣೊರೆಸಿಕೊಳ್ಳುವಾಗ ಅವನ ನಗು ನಿಂತ ಜಾಗದಲ್ಲಿ ಬೇರೇನೋ ಇತ್ತು.

"ಅಮ್ಮಂಗೆ ಇನ್ನೂ ಒಂದನ್ನೂ ಹೇಳಿಲ್ಲ ಅಂತಾಯ್ತಲ್ಲ," ಎಂದ.

ಹೊರಡುವಾಗ ಕೇಳಿದ: "ಅವಳನ್ನ ಇಳಿಸಿದಾಗ… ಏನಾದ್ರೂ ಹೇಳಿದ್ರಾ ಬಾರ್ಟ್ಲಿ?"

"ಗುಂಡೀಲಿ ನೀರು ಬಂದಿತ್ತಂತೆ. ಬಕೆಟ್ಟಲ್ಲಿ ಮೊಗೆದು ಒಣಹುಲ್ಲು ಹಾಸಿದ್ರಂತೆ, ಒದ್ದೆ ಆಗಬಾರದು ಅಂತ."

ಬಾಗಿಲ ಹಿಡಿ ಹಿಡಿದು ನಿಂತೇ ಇದ್ದ. "ಒಣಹುಲ್ಲು," ಎಂದ. "ಅಷ್ಟು ಮಾಡಿದ್ರಾ." ಹೋದ.


ಜುಲೈ ೧೨, ಬುಧವಾರ

ಫಿಂಟನ್ ಒಂಬತ್ತಕ್ಕೆ ಗಾಡಿ ತಂದ. ಮ್ಯಾಲಕಿ ಗೇಟಿನಲ್ಲಿ ಕಾದಿದ್ದ. ನಾಲ್ಕನೇ ಸಾಲಿನ ಹತ್ತಿರ ಫಿಂಟನ್ ಕಲ್ಲು ಇಳಿಸಲು ಹೋದರೆ, "ಮುಂದೆ ನಡಿ" ಎಂದ. ಸಾಲು ಸಾಲು ದಾಟಿ ಹೋದರು, ನಾನು ಟೇಪು ಹಿಡಿದು ಹಿಂದೆ. ಅಳೆದು ಕೊಟ್ಟೆ. ಎರಡು ಸಲ ಅಳೆದೆ.

ಕನ್ಸೆಪ್ಟಾಗೆ ಹೇಗೆ ಸುದ್ದಿ ಮುಟ್ಟಿತೋ. ಹತ್ತು ನಿಮಿಷದಲ್ಲಿ ಓಡಿ ಬಂದಳು, ಕಾಲಲ್ಲಿ ಮನೆಯ ಚಪ್ಪಲಿ.

"ಮ್ಯಾಲಕಿ, ಅಲ್ಲ… ಭಾನುವಾರ ಕ್ವಾಯರ್ ಎಲ್ಲಿ ನಿಲ್ಲೋದು? ವೈರು ಬೇರೆ ಕಡೆ ಮುಟ್ಟಲ್ಲ. ಒಂದು ವಾರ ಬಿಟ್ಟು ಹಾಕಿದ್ರೆ…"

"ಕನ್ಸೆಪ್ಟಾ."

"ಏನು."

"ನಮ್ಮಮ್ಮಂಗೆ ಹಾಡು ಅಂದ್ರೆ ಪ್ರಾಣ. ಇಷ್ಟು ವರ್ಷ ನಾನು ಬರದಿದ್ರೂ ನೀವೆಲ್ಲ ಬಂದು ಹಾಡಿದೀರಿ. ಅದಕ್ಕೆ ಥ್ಯಾಂಕ್ಸ್. ಇನ್ನು ಮೇಲೆ ಸ್ವಲ್ಪ ಪಕ್ಕಕ್ಕೆ ನಿಂತು ಹಾಡಿ. ಭಾರ ಆಗುತ್ತೆ."

ಅವಳ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದಳು. "ನನಗೆ… ನಾನು ಹೇಳಬೇಕಿತ್ತು ಮ್ಯಾಲಕಿ."

"ಹೇಳಬೇಕಿತ್ತು," ಎಂದ. ಅಷ್ಟೇ. ಪರವಾಗಿಲ್ಲ ಎನ್ನಲಿಲ್ಲ. ಈ ಊರಲ್ಲಿ ಪರವಾಗಿಲ್ಲ ಎನ್ನದವನನ್ನು ಮೊದಲ ಸಲ ನೋಡಿದೆ.

ಕಲ್ಲು ನಿಂತಿತು. ಹನೋರಾ ಟೂಯಿ. ಕೆಳಗೆ ಖಾಲಿ ಜಾಗ.


ಜುಲೈ ೧೫, ಶನಿವಾರ

ಎಲ್ಲರೂ ಸಿಮೆಟ್ರಿಯಲ್ಲಿ. ಉಜ್ಜುವುದು, ತೊಳೆಯುವುದು, ಹೂವು. ನಾಳೆಗೆ ಯಾರ ಮನೆ ಸಮಾಧಿಯೂ ಕೊಳಕಾಗಿರಬಾರದು.

ಮ್ಯಾಲಕಿ ಅಮ್ಮನ ಹತ್ತಿರ ಕೆಲಸ ಮುಗಿಸಿ ನಾಲ್ಕನೇ ಸಾಲಿಗೆ ಬಂದ. ಶಿಲುಬೆ ಕಿತ್ತ. ಬೆಣಚುಕಲ್ಲು ತೆಗೆಯುತ್ತಾನೇನೋ ಎಂದುಕೊಂಡೆ. ತೆಗೆಯಲಿಲ್ಲ.

"ಇವನಿಗೆ ನಾಳೆ ಯಾರೂ ಇರಲ್ಲ, ಡೀಲಿಯಾ. ಫಾದರ್ ನೀರು ಹಾಕ್ತಾ ಬರ್ತಾರೆ, ಇದನ್ನ ದಾಟ್ಕೊಂಡು ಹೋಗ್ತಾರೆ. ನಾನು ಎರಡು ಕಡೆ ನಿಲ್ಲೋಕಾಗಲ್ಲ. ನಲವತ್ತು ವರ್ಷದಿಂದ ಅವಳ ಹತ್ರ ನಿಂತೇ ಇಲ್ಲ, ನಾಳೆ ಅಲ್ಲೇ ನಿಲ್ಲಬೇಕು."

"ನಿಲ್ಲಬೇಕು," ಎಂದೆ.

ನೀನು ಇಲ್ಲಿ ನಿಲ್ಲುತ್ತೀಯಾ ಎಂದು ನನ್ನನ್ನು ಕೇಳಲೇ ಇಲ್ಲ ಅವನು. ಕೇಳುವವನೂ ಅಲ್ಲ. ಶಿಲುಬೆ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದ.


ಜುಲೈ ೧೬, ಭಾನುವಾರ. ಸಂಜೆ

ಮಳೆ ಬರಲಿಲ್ಲ. ಗಾಳಿ ಮಾತ್ರ. ಕಾರುಗಳು ರಸ್ತೆಯ ಆಚೆ ತುದಿಯವರೆಗೆ. ಡಬ್ಲಿನ್ನಿನಿಂದ, ಲಿವರ್‌ಪೂಲಿನಿಂದ ಬಂದವರು. ಮಲ್ಕ್ವೀನರು ಇಪ್ಪತ್ತಾರು ಮಂದಿ. ಲೋರ್ಕನ್‌ಗೆ ಗದ್ದಲವೆಂದರೆ ಇಷ್ಟ.

ಕನ್ಸೆಪ್ಟಾ ಕ್ವಾಯರನ್ನು ಹನ್ನೆರಡನೇ ಸಾಲಿನ ಪಕ್ಕದ ದಾರಿಯಲ್ಲಿ ನಿಲ್ಲಿಸಿದ್ದಳು. ಇಬ್ಬಿಬ್ಬರಾಗಿ, ಬಸ್ಸಿಗೆ ಕಾಯುವವರ ಹಾಗೆ. ಸ್ಪೀಕರ್ ಇಲ್ಲ. ಮ್ಯಾಲಕಿ ಕಲ್ಲಿನ ಪಕ್ಕ ಮಡಿಚುವ ಕುರ್ಚಿ ಹಾಕಿಕೊಂಡಿದ್ದ, ಆದರೆ ಕೂರಲಿಲ್ಲ. ತುಟಿ ಅಲುಗುತ್ತಿತ್ತು. ಜಪಸರ ಜೇಬಿನಲ್ಲೇ ಇತ್ತು. ಅದು ಪ್ರಾರ್ಥನೆಯಲ್ಲ. ಹೇಳಬೇಕಾದ್ದು ಬಹಳ ಇತ್ತಲ್ಲ.

ಮೊದಲ ಹಾಡು ಮುಗಿಯಿತು. ಫಾದರ್ ಎಮೆಕಾ ನಕ್ಷೆ ಮಡಿಚಿ ಹಿಡಿದು ಗೇಟಿನ ಕಡೆಯಿಂದ ಶುರು ಮಾಡಿದರು. ಒಂದನೇ ಸಾಲು. ಹೆಸರು, ನೀರು, ಹೆಸರು, ನೀರು. ಎರಡನೇ ಸಾಲು.

ಎರಡನೇ ಹಾಡಿಗೆ ಕನ್ಸೆಪ್ಟಾ ಕೈಯೆತ್ತಿದಳು. ನಾನು ಹಾಡಿನ ಪುಸ್ತಕ ಪಕ್ಕದವಳ ಕೈಗೆ ಕೊಟ್ಟು ನಡೆದುಬಿಟ್ಟೆ. ಎಲ್ಲರೂ ನೋಡಿದರು. ಒಬ್ಬೊಬ್ಬರೂ ತಮ್ಮವರ ಹತ್ತಿರ ಮರದ ಹಾಗೆ ನಿಂತಿರುವಾಗ ನಡೆಯುವವಳು ನಾನೊಬ್ಬಳೇ. ಎಂಟು ಸಾಲು ಇಷ್ಟು ಉದ್ದವೆಂದು ಟೇಪು ಹಿಡಿದಾಗಲೂ ಅನಿಸಿರಲಿಲ್ಲ. ಬಿಳಿ ಬೆಣಚುಕಲ್ಲುಗಳ ಪಕ್ಕ ಹೋಗಿ ನಿಂತೆ.

ಫಾದರ್ ನಾಲ್ಕನೇ ಸಾಲಿಗೆ ಬಂದರು. ಅದರಲ್ಲಿ ಐದನೇ ಸಮಾಧಿ. ಆರು. ಏಳಕ್ಕೆ ಬಂದು ನಕ್ಷೆ ನೋಡಿದರು. ಅಲ್ಲಿ ಬರೆದದ್ದು ನಾನೇ — ಪುಸ್ತಕದಲ್ಲಿದ್ದಷ್ಟು. ನನ್ನನ್ನು ನೋಡಿದರು. ಮತ್ತೆ ನಕ್ಷೆ.

"ಹೆಸರಿಲ್ಲವಲ್ಲ, ಡೀಲಿಯಾ," ಎಂದರು ಮೆಲ್ಲಗೆ. "ಯಾರ ಕಡೆಯವರು ಇವರು?"

ಅಕ್ಕಪಕ್ಕದವರು ಕಿವಿ ನಿಮಿರಿಸಿದ್ದು ಗೊತ್ತಾಯಿತು. ಗೊತ್ತಿಲ್ಲ ಎನ್ನಬಹುದಿತ್ತು. ಅದು ನಿಜ ಕೂಡ.

"ನಮ್ಮೋರೇ, ಫಾದರ್," ಎಂದೆ. ಜೋರಾಗಿ. "ಈ ಊರೋರು."

ಅವರು ತಲೆಯಾಡಿಸಿ ನೀರು ಚಿಮುಕಿಸಿದರು. ಅರ್ಧ ಕಲ್ಲುಗಳ ಮೇಲೆ, ಅರ್ಧ ನನ್ನ ಕನ್ನಡಕದ ಮೇಲೆ. ಒರೆಸಿಕೊಂಡು ಆ ತುದಿಗೆ ನೋಡಿದೆ. ಮ್ಯಾಲಕಿ ಇತ್ತ ತಿರುಗಿ ನಿಂತಿದ್ದ, ಎಷ್ಟು ಹೊತ್ತಿನಿಂದಲೋ. ದೂರ, ಮುಖ ಸರಿಯಾಗಿ ಕಾಣಲಿಲ್ಲ. ಆದರೆ ಅವನ ಕೈ ನಿಧಾನವಾಗಿ ಮೇಲೆ ಹೋಯಿತು, ನಾನೂ ಕೈ ಎತ್ತಿದೆ.